ಚಿಕ್ಕಪ್ಪನ ಎಣ್ಣೆ ಮತ್ತು ಮುಚ್ಚಳ ತೆಗೆಯದ ಬಾಟಲಿ

ನಮ್ಮ ಚಿಕ್ಕಪ್ಪ ಮಾಗಡಿ ಕಡೆಯ ಹಳ್ಳಿಯಲ್ಲಿ ಭುಜದ ನೋವಿಗೆ ಎಣ್ಣೆ ಕಾಯಿಸುತ್ತಿದ್ದರು. ಅದರಲ್ಲಿ ಹನ್ನೊಂದು ಬೇರು, ಎಳ್ಳೆಣ್ಣೆ, ಉಳಿದದ್ದು ಜಂಬ. ಬಾಟಲಿಯ ಲೇಬಲ್ಲಿನ ಮೇಲೆ 'ಪರೀಕ್ಷೆಯಲ್ಲಿ ಸಾಬೀತಾಗಿದೆ' ಅಂತ ಅಚ್ಚು ಹಾಕಿಸುವುದು ಅವರ ದೊಡ್ಡ ಆಸೆ. ಆ ಸಾಲಿಗೆ ಅಂತ ಲೇಬಲ್ಲಿನಲ್ಲಿ ಜಾಗವನ್ನೂ ಖಾಲಿ ಬಿಟ್ಟಿದ್ದರು.

ನಾನಾಗ ಒಂದು ಕಾಲೇಜಿನ ಸಂಶೋಧನೆಗೆ ಮನೆಮನೆ ಸುತ್ತಿ ಫಾರಂ ತುಂಬುತ್ತಿದ್ದೆ. ಚಿಕ್ಕಪ್ಪನ ಕಾಟ ತಡೆಯಲಾರದೆ, ಅಲ್ಲಿ ಅಂಕಿಅಂಶ ನೋಡುವ ಮೇಡಂ ಮುಂದೆ ಅವರನ್ನು ಕೂರಿಸಿದೆ. ಮೇಡಂ ಎಣ್ಣೆ ಪರೀಕ್ಷಿಸಲು ಒಪ್ಪಿದರು. ಆದರೆ ಷರತ್ತು ಹಾಕಿದರು.

ಚನ್ನಪಟ್ಟಣದಲ್ಲಿ ಲೇತ್ ಮೇಲೆ ಬೊಂಬೆ ಕಡೆಯುವವರಿಗೆ ದಿನವಿಡೀ ಉಳಿ ಒತ್ತಿ ಹಿಡಿದು ಭುಜ ಸೇದುತ್ತದೆ. ಅವರಲ್ಲಿ ಒಪ್ಪಿದವರ ಹೆಸರಿಗೆ ಚೀಟಿ ಎತ್ತುವುದು. ಅರ್ಧ ಜನಕ್ಕೆ ಚಿಕ್ಕಪ್ಪನ ಎಣ್ಣೆ, ಇನ್ನರ್ಧ ಜನಕ್ಕೆ ಅದೇ ಬಣ್ಣ, ಅದೇ ವಾಸನೆ ಬರಿಸಿದ, ಬೇರಿಲ್ಲದ ಬರೀ ಎಳ್ಳೆಣ್ಣೆ. ಬಾಟಲಿ ಮೇಲೆ ನಂಬರು ಮಾತ್ರ. ಯಾವ ನಂಬರು ಯಾವ ಎಣ್ಣೆ ಅನ್ನುವ ಪಟ್ಟಿ, ಅಂಟಿಸಿದ ಕವರಿನಲ್ಲಿ, ಮೇಡಂ ಬೀರುವಿನಲ್ಲಿ. ನನಗೂ ಗೊತ್ತಿಲ್ಲ. "ನೀನು ಅವರ ಅಣ್ಣನ ಮಗಳು, ನಿನಗಂತೂ ಗೊತ್ತೇ ಆಗಬಾರದು" ಅಂದರು ಮೇಡಂ.

ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ. ಮೊದಲ ಸಲ ಎಲ್ಲರೂ ಏಳು, ಎಂಟು ಅಂದರು. ಆಮೇಲೆ ನಾನು ಹೋದಷ್ಟೂ ಸಲ ಅಂಕ ಇಳಿಯಿತು. ಚಿಕ್ಕಪ್ಪನಿಗೆ ಈ ಸುದ್ದಿ ಹೇಳಬಾರದಿತ್ತು, ಹೇಳಿದೆ. ನನ್ನನ್ನು ಬಿಡದಿಗೆ ಕರೆದುಕೊಂಡು ಹೋಗಿ ತಟ್ಟೆ ಇಡ್ಲಿ ಕೊಡಿಸಿದರು.

"ಇನ್ನೇನ್ ನೋಡೋದೈತೆ? ಎಂಟಿದ್ದಿದ್ದು ಮೂರ್ಕೆ ಬಂತಲ್ಲ."

"ಎಲ್ಲಾರ್ದೂ ಇಳಿದೈತೆ ಚಿಕ್ಕಪ್ಪ. ಬರೀ ಎಳ್ಳೆಣ್ಣೆಯವ್ರುದೂ ಇಳಿದಿರ್ತದೆ. ನೋವು ಜಾಸ್ತಿ ಆದಾಗ್ಲೇ ತಾನೆ ಜನ ಸೇರ್ಕಳದು? ಆಮೇಲೆ ಅದ್ರ ಪಾಡಿಗೆ ಅದು ಒಸಿ ಇಳೀತದಂತೆ. ಎರಡು ಗುಂಪಿಗೂ ಎಷ್ಟು ವ್ಯತ್ಯಾಸ ಅನ್ನೋದ್ ಮಾತ್ರ ಲೆಕ್ಕ."

"ನಿಮ್ ಮೇಡಂಗೆ ಭುಜ ನೋವು ಬಂದಿಲ್ಲ ಕಣವ್ವ, ಅದುಕ್ಕಂಗಂತಾರೆ."

ಕೊನೆಯ ಸುತ್ತಿನಲ್ಲಿ ಬೊಂಬೆ ಕಡೆಯುವ ವಯಸ್ಸಾದ ಚಾಚಾ ಒಬ್ಬರು ನನಗೆ ಚಹಾ ಕೊಟ್ಟು, ಜೊತೆಗೆ ಬಾಟಲಿಯನ್ನೂ ವಾಪಸ್ ಕೊಟ್ಟರು. ಮುಚ್ಚಳದ ಸೀಲು ಹಾಗೇ ಇತ್ತು. ಇವರದೂ ಎಂಟರಿಂದ ಮೂರಕ್ಕೆ ಇಳಿದಿತ್ತು.

"ಚಾಚಾ, ಹಚ್ಚೇ ಇಲ್ವಲ್ಲ. ಮತ್ತೆ ಮೂರು ಅಂತ ಯಾಕ್ ಬರ್ಸಿದ್ರಿ?"

"ಎಣ್ಣೆ ಕೈಯಲ್ಲಿ ಉಳಿ ಹಿಡಿಯಕ್ಕಾಗ್ತದಾ ಬೇಟಿ? ನೀನು ಬಿಸ್ಲಲ್ಲಿ ಗಾಡಿ ಓಡಿಸ್ಕೊಂಡು ನಾಲ್ಕು ಸಲ ಬಂದೆ. ಎಂಟು, ಎಂಟು ಅಂತಾನೇ ಇದ್ರೆ ನಿಂಗೆ ಬೇಜಾರಾಗಲ್ವಾ?"

ಇದನ್ನು ಫಾರಂನಲ್ಲಿ ಬರೆದು ಮೇಡಂಗೆ ಒಪ್ಪಿಸಿದೆ. ಫಲಿತಾಂಶದ ದಿನ ಚಿಕ್ಕಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದರು. ಚಾಚಾ ಕಥೆ ಕೇಳಿದ್ದೇ ಮುಖ ಕೆಂಪಾಯಿತು.

"ಮುಟ್ಟೇ ಇಲ್ವಂತೆ, ವಾಸಿ ಆಗೋಯ್ತಂತೆ. ಅವ್ನು ಎಳ್ಳೆಣ್ಣೆ ಕಡೆಯವ್ನೇ ಇರ್ಬೇಕು. ಅವ್ನ್ನ ಲೆಕ್ಕದಿಂದ ತಗುದಾಕಿ ಮೇಡಮ್ಮೋರೆ."

"ಹಚ್ಚದವರನ್ನೆಲ್ಲ ಆಮೇಲೆ ಆರಿಸಿ ತೆಗೆಯೋದಾದ್ರೆ ಚೀಟಿ ಯಾಕೆ ಎತ್ತಬೇಕಿತ್ತು? ಹಚ್ಚಲಿ, ಬಿಡಲಿ, ಚೀಟಿ ಯಾವ ಗುಂಪಿಗೆ ಹಾಕಿತೋ ಅವರು ಅದೇ ಗುಂಪು" ಅಂದರು ಮೇಡಂ.

"ಅನ್ಯಾಯ ಇದು."

ಮೇಡಂ ಕವರು ಹರಿದು ಪಟ್ಟಿಯ ಮೇಲೆ ಬೆರಳಾಡಿಸಿದರು. ಚಾಚಾಗೆ ಹೋಗಿದ್ದು ಹನ್ನೊಂದು ಬೇರಿನ ಬಾಟಲಿ.

ಚಿಕ್ಕಪ್ಪ ಒಂದು ಗುಟುಕು ನೀರು ಕುಡಿದರು.

"ಇರ್ಲಿ ಬುಡಿ. ಪಾಪ, ವಯಸ್ಸಾದೋರು. ತಗ್ಯೋದ್ ಬ್ಯಾಡ."

ನಗು ತಡೆಯಲಾಗದೆ ನಾನು ಕಿಟಕಿ ಕಡೆ ತಿರುಗಿದೆ. ಚಾಚಾನನ್ನು ಇಟ್ಟುಕೊಂಡೇ ಮೇಡಂ ಲೆಕ್ಕ ಹಾಕಿದರು. ಎರಡೂ ಗುಂಪಿನಲ್ಲಿ ನೋವು ಇಳಿದಿತ್ತು, ಹೆಚ್ಚುಕಮ್ಮಿ ಒಂದೇ ಸಮ. ಬೇರಿನಿಂದ ಆಯಿತು ಅನ್ನುವಂಥ ವ್ಯತ್ಯಾಸ ಏನೂ ಸಿಗಲಿಲ್ಲ. ಲೇಬಲ್ಲಿನ ಆ ಸಾಲು ಖಾಲಿಯೇ ಉಳಿಯಿತು.

ಚಿಕ್ಕಪ್ಪನ ಜೊತೆ ಅವರೂರಿನ ಬಸ್ಸು ಹತ್ತಿದೆ. ಮನೆಗೆ ಹೋದ ಮೇಲೆ, ಊರೂರು ಗಾಡಿ ಓಡಿಸಿ ನನ್ನ ಭುಜ ಹಿಡಿದುಕೊಂಡಿದೆ ಅಂತ ಚಿಕ್ಕಮ್ಮನ ಹತ್ತಿರ ಅಂದೆ. ನನ್ನ ಬ್ಯಾಗಿನಲ್ಲೇ ಇದ್ದ ಚಾಚಾನ ಬಾಟಲಿಯ ಸೀಲು ಒಡೆದು ಚಿಕ್ಕಮ್ಮ ಕೂತು ತಿಕ್ಕಿದರು. ಚಿಕ್ಕಪ್ಪ ಎದುರಿಗೆ ಮಣೆ ಹಾಕಿಕೊಂಡು, ಶಾಲೆ ಮೇಷ್ಟ್ರ ಥರ ನನ್ನದೊಂದು ಖಾಲಿ ಫಾರಂ, ಪೆನ್ನು ಹಿಡಿದು ಕೂತರು.

"ಮೊದ್ಲೆಷ್ಟಿತ್ತು?"

"ಎಂಟು."

"ಈಗ?"

ಈಗಲೂ ಎಂಟೇ ಇತ್ತು. ಇಸ್ತ್ರಿ ಮಾಡಿದ ಆ ಶರ್ಟು ನೋಡಿದೆ.

"ಮೂರು, ಚಿಕ್ಕಪ್ಪ."