ಆರನೆಯ ಮಣಿ

ಪ್ರೋಟೀನು ಎಂದರೆ ಉದ್ದನೆಯ ಮಣಿಸರ ಎಂದು ಇಪ್ಪತ್ತೆಂಟು ವರ್ಷದಿಂದ ಕಾಲೇಜಿನ ಮಕ್ಕಳಿಗೆ ಹೇಳಿ ಹೇಳಿ ನನ್ನ ಗಂಟಲು ಹರಿದಿದೆ. ಇಪ್ಪತ್ತು ಬಗೆಯ ಅಮೈನೋ ಆಮ್ಲ, ಒಂದೊಂದಕ್ಕೂ ಒಂದು ಇಂಗ್ಲಿಷ್ ಅಕ್ಷರ, ಸಾಲಾಗಿ ಬರೆದರೆ ಸರ. ಹಲಗೆಯ ಮೇಲೆ ಬರೆದದ್ದು ತಲೆಗೆ ಹೋಗದ ಮಹಾನುಭಾವರಿಗಾಗಿ ಆರು ವರ್ಷದ ಹಿಂದೆ ಸೋಲಾಪುರದ ಪೇಟೆಯಿಂದ ಇಪ್ಪತ್ತು ಬಣ್ಣದ ಮಣಿ ತಂದೆ. ಪೋಣಿಸುವ ಕೆಲಸ ಹಿರಾಬಾಯಿಯದು.

ಹಿರಾಬಾಯಿ ನಮ್ಮ ಲ್ಯಾಬಿನ ಸಹಾಯಕಿ. ಮೂವತ್ತು ವರ್ಷದಿಂದ ಹೋಟಗಿಯಿಂದ ರೈಲಿನಲ್ಲಿ ಬರುತ್ತಾಳೆ, ಟೆಸ್ಟ್ ಟ್ಯೂಬು ತೊಳೆಯುತ್ತಾಳೆ, ನನ್ನ ಸಿಟ್ಟು ಸಹಿಸುತ್ತಾಳೆ. ಇಂಗ್ಲಿಷ್ ಬಾರದು. ಆದರೆ ಯಾವ ಅಕ್ಷರಕ್ಕೆ ಯಾವ ಬಣ್ಣ ಎಂಬ ಪಟ್ಟಿಯನ್ನು ಒಂದೇ ವಾರದಲ್ಲಿ ಬಾಯಿಪಾಠ ಮಾಡಿದಳು. ಸರದ ಮೊದಲ ತುದಿಗೆ ಎರಡು ಗಂಟು, ಕೊನೆಗೆ ಒಂದು. ಎರಡು ಗಂಟಿನ ಕಡೆಯಿಂದಲೇ ಓದಬೇಕು; ತಿರುಗಿಸಿ ಓದಿದರೆ ಅದು ಬೇರೆಯೇ ಪದಾರ್ಥ.

ಒಂದು ದಿನ ತರಗತಿಯಲ್ಲಿ ಎರಡು ಸರ ಎತ್ತಿ ಹಿಡಿದೆ. ಎರಡರಲ್ಲೂ ಎಂಟೆಂಟು ಮಣಿ, ರಕ್ತದ ಹಿಮೋಗ್ಲೋಬಿನ್ನಿನ ಆರಂಭದ ತುಣುಕು. ಒಂದರಲ್ಲಿ ಆರನೆಯದು ಕೆಂಪು, ಗ್ಲುಟಾಮಿಕ್ ಆಮ್ಲ. ಇನ್ನೊಂದರಲ್ಲಿ ಅದೇ ಜಾಗದಲ್ಲಿ ಹಳದಿ, ವ್ಯಾಲೀನ್. “ಇಷ್ಟೇ ನೋಡಿ ಫರಕು. ಇದರಿಂದಲೇ ರಕ್ತಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ರೋಗ” ಎಂದೆ. ಬಾಗಿಲಲ್ಲಿ ಟ್ರೇ ಹಿಡಿದು ನಿಂತಿದ್ದ ಹಿರಾಬಾಯಿ ಅಲ್ಲೇ ಕುಸಿದು ಕೂತಳು.

ಅವಳ ಮಗಳು ಸಪನಾ ಹದಿನಾರು ವರ್ಷದ ಹಿಂದೆ, ಹನ್ನೊಂದನೆಯ ವಯಸ್ಸಿಗೆ ತೀರಿಕೊಂಡವಳು. ಊರವರು ವಾತ ಎಂದರು; ಯಾರೋ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿದರು. ಸಿಕಲ್ ಎಂಬ ಮಾತು ಡಾಕ್ಟರ ಬಾಯಿಂದ ಬಂದದ್ದು ಕೊನೆಯ ವಾರದಲ್ಲಿ.

“ಒಂದ ಮಣಿನಾ, ಬಾಯಾರ? ಒಂದ ಮಣಿ ಸಲುವಾಗಿ ನನ್ನ ಕೂಸು ಹೋತಾ?” ಎಂದು ಕೇಳಿದಳು.

ಅಂದಿನಿಂದ ಸಪನಾ ಲ್ಯಾಬಿಗೆ ಬರತೊಡಗಿದಳು. ಹಿರಾಬಾಯಿ ಹೇಳುವುದು ಹಾಗೆ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾಳಂತೆ. ಆರನೆಯ ಮಣಿಯ ಸರದಿ ಬಂತೆಂದರೆ ಎದ್ದು ಬಂದು ಅವ್ವನ ಕೈ ಹಿಡಿಯುತ್ತಾಳಂತೆ. “ಹುಚ್ಚಿ, ಸುಮ್ಮನೆ ಪೋಣಿಸು” ಎಂದು ಗದರಿದೆ. ಗದರಿದ್ದೇನೋ ನಿಜ, ಆಮೇಲೆ ಆ ಸ್ಟೂಲನ್ನು ನಾನೂ ಮುಟ್ಟಲಿಲ್ಲ. ಮಟಮಟ ಮಧ್ಯಾಹ್ನ ಒಬ್ಬಳೇ ಇದ್ದಾಗ ಮಣಿಯೊಂದು ನೆಲಕ್ಕೆ ಬಿದ್ದು ಉರುಳಿದ ಸದ್ದು ಕೇಳುತ್ತಿತ್ತು. ಬಗ್ಗಿ ನೋಡಿದರೆ ಏನೂ ಇರುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ.

ಈ ವರ್ಷ ಅವಳ ಮಗ ಕುನಾಲನ ಮದುವೆಯ ಮಾತು ಎದ್ದಿತು. ಹೆಣ್ಣು ಹನ್ನೂರಿನಲ್ಲಿರುವ ಅವಳ ತಮ್ಮ ದುರ್ಗಪ್ಪನ ಮಗಳು ರೂಪಾಲಿ. ಸೋದರಮಾವನ ಮಗಳೆಂದರೆ ಹಕ್ಕಿನ ಸೊಸೆ, ತೊಟ್ಟಿಲಲ್ಲೇ ಗೊತ್ತಾದ ಸಂಬಂಧ. ನನಗೆ ಜೀವ ತಡೆಯಲಿಲ್ಲ. “ಆ ಹಳದಿ ಮಣಿ ಇಬ್ಬರಲ್ಲೂ ಅಡಗಿರಬಹುದು. ಅವರಿಗೇನೂ ಆಗುವುದಿಲ್ಲ; ಆದರೆ ಹುಟ್ಟುವ ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಸಪನಾಳ ಗತಿ ಬರಬಹುದು. ಮೊದಲು ರಕ್ತ ತಪಾಸಣೆ ಮಾಡಿಸು” ಎಂದೆ.

“ನನ್ನ ತಮ್ಮಗ ಹ್ಯಾಂಗ ಹೇಳ್ಲಿ ಬಾಯಾರ? ನನ್ನ ಮಗಳಾಗ ಖೋಟ, ಕುಂದ ತಗೀತಿಯೇನ ಅಂತಾನ. ತವರಮನಿ ಬಾಗಲಾ ಮುಚ್ಚತೈತಿ.”

ಸಾಖರಪುಡಾಕ್ಕೆ, ಅಂದರೆ ನಿಶ್ಚಯಕ್ಕೆ, ಎರಡು ದಿನವಿದ್ದಾಗ ಎರಡೂ ಸರ ಸೆರಗಿನಲ್ಲಿ ಕಟ್ಟಿಕೊಂಡು ಹನ್ನೂರಿಗೆ ಹೊರಟಳು. “ನೀವೂ ಬರ್ರಿ” ಎಂದಳು, ಹೋದೆ. ಅರಿಸಿನದ ತಟ್ಟೆಯ ಪಕ್ಕ ಸರಗಳನ್ನಿಟ್ಟು ಸಪನಾಳ ಹೆಸರೆತ್ತಿದಳು. ಅಷ್ಟೇ! ಗಂಟು ಹಾಕಿದ ದಾರ, ಕೆಂಪು ಹಳದಿ ಮಣಿ, ಸತ್ತ ಹುಡುಗಿಯ ಹೆಸರು. ದುರ್ಗಪ್ಪನ ಹೆಂಡತಿ ಚಿಟ್ಟನೆ ಚೀರಿದಳು.

“ಅಕ್ಕಾ, ನನ್ನ ಮಗಳಿಗೆ ಮಾಟ ಮಾಡಾಕ ಬಂದಿಯೇನ?” ದುರ್ಗಪ್ಪ ತಟ್ಟೆ ಸರಿಸಿ ಎದ್ದು ನಿಂತ. “ಎತ್ಕೊಂಡ ನಡಿ ಹೊರಗ!”

ಅಯ್ಯೋ, ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ! ನಾನು ವಿವರಿಸಲು ಬಾಯಿ ತೆರೆದರೆ ಕೇಳುವವರು ಯಾರು? ರೂಪಾಲಿ ಮಾತ್ರ ಕೂತು ಎರಡೂ ಸರಗಳನ್ನು ಪಕ್ಕಪಕ್ಕ ಹಿಡಿದು ಬೆರಳಿನಿಂದ ಎಣಿಸಿದಳು.

“ಆರನೇದ ಯಾಕ ಬ್ಯಾರೆ ಐತಿ, ಅತ್ತಿ?”

“ಸಪನಾನ ಕೊಂದದ್ದ ಅದ, ನನ್ನವ್ವ. ನಿನ್ನ ಕೂಸನ್ನೂ ಒಯ್ಯಬಾರದು.”

ಮರುದಿನವೇ ರೂಪಾಲಿ ಯಾರನ್ನೂ ಕೇಳದೆ ಕುನಾಲನನ್ನು ಅಕ್ಕಲಕೋಟೆಯ ಆಸ್ಪತ್ರೆಗೆ ಕರೆಸಿಕೊಂಡಳು; ಇಬ್ಬರೂ ರಕ್ತ ಕೊಟ್ಟರು. ವರದಿ ಬಂತು. ಹಳದಿ ಮಣಿ ಇಬ್ಬರಲ್ಲೂ ಇತ್ತು. ಮದುವೆ ನಿಂತಿತು.

ಹದಿನೈದು ದಿನದ ಮೇಲೆ ದುರ್ಗಪ್ಪ ಲ್ಯಾಬಿಗೆ ಬಂದ. ಜಗಳಕ್ಕೆ ಬಂದನೆಂದುಕೊಂಡೆ. ಅವನು ಅಕ್ಕನ ಎದುರು ಕುಕ್ಕರಿಸಿ ಅತ್ತುಬಿಟ್ಟ.

“ಸಪನಾ ಇದ್ದಾಗ ಇದು ಯಾರಿಗೂ ಗೊತ್ತಿದ್ದಿಲ್ಲೇನ ಅಕ್ಕಾ? ಒಬ್ಬರರೆ ಹೇಳಬಾರದಾಗಿತ್ತಾ? ದವಾಖಾನಿಗೆ ಹೆಗಲ ಮ್ಯಾಲ ಹೊತ್ತು ಒಯ್ತಿದ್ನಲ್ಲ!”

ಹಿರಾಬಾಯಿ ತಮ್ಮನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಮಗಳಿಗೆ ಕೈಕಾಲು ಕೀಲು ನೋವೆಂದು ಅವಳು ರಜೆ ಕೇಳಿದಾಗಲೆಲ್ಲ ಬೈದು ಸಹಿ ಹಾಕಿದವಳು ನಾನು. ಸಹಿ ಹಾಕಿ ತರಗತಿಗೆ ಹೋಗಿ, ಅದೇ ರೋಗದ ಲಕ್ಷಣಗಳನ್ನು ಹಲಗೆಯ ಮೇಲೆ ಬರೆಯುತ್ತಿದ್ದೆ.