ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದವಳು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ‘ಗಡಿಬಿಡಿ ಅಕ್ಕ’ ಎಂದೇ. ಆಪರೇಷನ್ ಮುಗಿದು ಕೆಳಗೆ ಬಂದ ಕತ್ತರಿ, ಚಿಮಟ, ಇಕ್ಕಳಗಳನ್ನು ಸಂದಿಗೊಂದಿ ಬಿಡದೆ ಉಜ್ಜಿ ತೊಳೆದು, ಬಟ್ಟೆಯಲ್ಲಿ ಗಂಟು ಕಟ್ಟಿ, ಹಬೆಯ ಯಂತ್ರಕ್ಕೆ ತುಂಬುವುದು ಅವಳ ಕೆಲಸ. ಮೇಲಿನ ಮಹಡಿಯಲ್ಲಿ ಡಾಕ್ಟರು ಕೈಚಾಚಿದರೆ ಸಾಕು, ಕತ್ತರಿ ಕೈಗೆ ಬರುತ್ತಿತ್ತು. ಅದು ಎಲ್ಲಿಂದ ಬಂತು ಎಂದು ಯಾವ ಡಾಕ್ಟರೂ ಕೇಳಿದವರಲ್ಲ. ಮನೆಯಲ್ಲಿ ತೊಳೆದ ತಟ್ಟೆಯೂ ಹಾಗೆಯೇ ಮೇಜಿಗೆ ಬರುತ್ತಿತ್ತು, ಅಲ್ಲಿಯೂ ಯಾರೂ ಕೇಳಿದವರಲ್ಲ. ಒಟ್ಟಿನಲ್ಲಿ ಎರಡೂ ಕಡೆ ಸಮಾನ ಗೌರವ.

ಆ ವಿಭಾಗದ ಮೇಲ್ವಿಚಾರಕಿ ಸದ್ಯದಲ್ಲೇ ನಿವೃತ್ತರಾಗುವವರಿದ್ದರು. ಅವರ ಕುರ್ಚಿಗೆ ಏರಬೇಕಾದರೆ ಕೈ ಸವೆಯುವಷ್ಟು ತೊಳೆದ ಅನುಭವ ಸಾಲದು, ಪರೀಕ್ಷೆ ಪಾಸಾಗಬೇಕು. ಹೋದ ಸಲ ಬರೆದು ಫೇಲಾಗಿದ್ದಳು. ಪುಸ್ತಕದಲ್ಲಿ ಮೊದಲ ಅಧ್ಯಾಯ ಓದಲು ಮಾತ್ರ ಪುರಸೊತ್ತು ಸಿಕ್ಕಿತ್ತು, ಪ್ರಶ್ನೆ ಕೇಳಿದ ಪುಣ್ಯಾತ್ಮರು ಉಳಿದ ಅಧ್ಯಾಯಗಳನ್ನೂ ಓದಿಕೊಂಡಿದ್ದರು. ಈ ಸಲವೂ ಹೋದರೆ ಪರೀಕ್ಷೆಗೆ ಕೂರುವ ವಯಸ್ಸೇ ಮೀರುತ್ತಿತ್ತು. ಆಮೇಲೆ ಹೊರಗಿನಿಂದ ಯಾರೋ ಬಂದು, ಅವಳಿಂದಲೇ ಕೆಲಸ ಕಲಿತು, ಅವಳ ಮೇಲೇ ಅಧಿಕಾರ ಚಲಾಯಿಸುತ್ತಿದ್ದರು. ಅವಳಿಗೆ ಆ ಕುರ್ಚಿ ಬೇಕಿತ್ತು. ಬೇಕು ಎನ್ನುವುದಕ್ಕೆ ಅವಳಿಗೆ ನಾಚಿಕೆಯೂ ಇರಲಿಲ್ಲ.

ಅದೇ ಹೊತ್ತಿಗೆ ಆಡಳಿತದವರಿಗೆ ಮಹಿಳಾ ಸಿಬ್ಬಂದಿಯ ಮೇಲೆ ಇದ್ದಕ್ಕಿದ್ದಂತೆ ಕರುಣೆ ಉಕ್ಕಿತು. ಮನೆ ಮತ್ತು ಕೆಲಸ ಎರಡನ್ನೂ ತೂಗಿಸುವುದು ಹೇಗೆ ಎಂದು ಉಪನ್ಯಾಸ ಇಟ್ಟರು, ಅದೂ ಊಟದ ಬಿಡುವಿನಲ್ಲಿ. ಹೆಂಗಸರು ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಉಪನ್ಯಾಸಕರ ಅಂಗಿಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಅದಕ್ಕೆ ಇಸ್ತ್ರಿ ಹಾಕಿದವರ ಸಮಯವನ್ನು ಯಾರು ನಿರ್ವಹಿಸಿದರು ಎಂದು ಅವರು ಹೇಳಲಿಲ್ಲ.

“ದಿನಕ್ಕೆ ಒಂದು ಗಂಟೆ ನಿಮಗೆ ಅಂತಲೇ ಇಟ್ಕೊಳ್ಳಿ. ಮನೆಯವರಿಗೆ ಬಾಯಿ ಬಿಟ್ಟು ಹೇಳಿ, ಅರ್ಥ ಮಾಡ್ಕೋತಾರೆ” ಎಂದರು.

ಅವಳು ಬಾಯಿ ಬಿಟ್ಟು ಹೇಳಿದಳು. “ನೋಡಿ, ಸಂಜೆ ಏಳು ಗಂಟೆಯಿಂದ ಎಂಟರವರೆಗೆ ನನ್ನ ಸಮಯ. ನಾನು ಓದ್ಕೋಬೇಕು.”

“ಅದಕ್ಕೇನಂತೆ, ಧಾರಾಳವಾಗಿ ಓದ್ಕೋ” ಎಂದರು ಯಜಮಾನರು. ಅವರು ವಿಮಾ ಕಚೇರಿಯಲ್ಲಿ ಗುಮಾಸ್ತರು, ಮಾತಿನಲ್ಲಿ ಎಂದೂ ಜಿಪುಣರಲ್ಲ.

ಮರುದಿನ ಏಳಕ್ಕೆ ಅವಳು ಪುಸ್ತಕ ಬಿಡಿಸಿ ಕೂತಳೋ ಇಲ್ಲವೋ, ಯಜಮಾನರು ಅಂಗಿ ಹಿಡಿದು ಬಂದರು. “ಹೇಗೂ ಬಿಡುವಾಗಿದ್ದೀಯಲ್ಲ, ಈ ಗುಂಡಿ ಹಾಕಿಬಿಡು.” ಹಿಂದೆಯೇ ಕಾಲೇಜಿನ ಮಗಳು: “ಅಮ್ಮಾ, ನೀನು ಫ್ರೀ ಆಗ್ಲಿ ಅಂತಲೇ ಕಾಯ್ತಿದ್ದೆ.” ಅವಳ ಹಿಂದೆ ಕಣ್ಣಿನ ಔಷಧಿ ಹಿಡಿದ ಅತ್ತೆ. ಹಿಂದೆಲ್ಲ ದಿನವಿಡೀ ಚಿಲ್ಲರೆಯಾಗಿ ಬರುತ್ತಿದ್ದ ಕೆಲಸ ಈಗ ಆ ಒಂದು ಗಂಟೆಗೆ ಸಗಟಾಗಿ ಬರತೊಡಗಿತು. ಬಾವಿಗೆ ಬಿದ್ದವರಿಗೆ ಆಳಿಗೊಂದು ಕಲ್ಲು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಒಂದು ಸಂಜೆ ಸಿಟ್ಟು ನೆತ್ತಿಗೇರಿ, ಪುಸ್ತಕ ಮುಚ್ಚಿ, ದಡದಡನೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಆಗ ನೋಡಿ, ಮನೆಯೇ ಗಪ್‌ಚಿಪ್! ನೀರು ಕುಡಿಯಲು ಬಂದ ಯಜಮಾನರು ಕೊಳೆ ಪಾತ್ರೆಯ ರಾಶಿ ಕಂಡದ್ದೇ ಬಾಗಿಲಿಂದಲೇ ಹಿಂತಿರುಗಿದರು. ದಾಹ ತಾನಾಗಿಯೇ ಇಂಗಿರಬೇಕು. ‘ಅಮ್ಮಾ’ ಎಂದು ಕೂಗುತ್ತಾ ಬಂದ ಮಗಳೂ ಮಂಗಮಾಯ. ಪಾತ್ರೆ ತೊಳೆಯುವವಳ ಹತ್ತಿರ ಸುಳಿದರೆ ಎಲ್ಲಿ ಕೈಗೆ ನಾರು ಕೊಟ್ಟುಬಿಡುತ್ತಾಳೋ ಎಂಬ ಭಯ ಆ ಮನೆಯಲ್ಲಿ ದೇವರ ಭಯಕ್ಕಿಂತ ದೊಡ್ಡದು.

ಗಾಳಿ ಬಂದಾಗ ತೂರಿಕೊಳ್ಳಬೇಕು. ಅವಳು ಪುಸ್ತಕದ ಹಾಳೆಗಳನ್ನು ಬಿಡಿಸಿ, ಪ್ಲಾಸ್ಟಿಕ್ ಹೊದಿಕೆಗೆ ಹಾಕಿ, ದಿನಕ್ಕಿಷ್ಟರಂತೆ ನಲ್ಲಿಯ ಹಿಂದಿನ ಗೋಡೆಗೆ ಅಂಟಿಸಿದಳು. ಉಳಿದ ಹಾಳೆ ಇಟ್ಟದ್ದು ಪಾತ್ರೆ ಒರೆಸುವ ಬಟ್ಟೆಗಳ ಕೆಳಗೆ. ಅಲ್ಲಿಗೆ ಬೇರೆಯವರ ಕೈ ಹೋಗುವ ಪ್ರಮೇಯವೇ ಇರಲಿಲ್ಲ. ನಿಜವಾದ ಪಾತ್ರೆಗಳು ಚಕಚಕನೆ ಮುಗಿಯುತ್ತಿದ್ದವು. ಆಮೇಲೆ ತಳ ಸವೆದ ಒಂದು ಹಳೆಯ ದೊಡ್ಡ ಪಾತ್ರೆ ಕೈಯಲ್ಲಿ, ಕೆಳಗೆ ಬಕೆಟ್, ನಲ್ಲಿ ಸಣ್ಣಗೆ, ಕಣ್ಣು ಗೋಡೆಯ ಮೇಲೆ. ತೊಳೆದದ್ದನ್ನೇ ತೊಳೆಯುತ್ತಾ ಅವಳು ರೋಗಾಣುಗಳ ಅಧ್ಯಾಯ ದಾಟಿ, ಹಬೆಯ ಒತ್ತಡದ ಅಧ್ಯಾಯಕ್ಕೆ ಬಂದಳು.

ಪರೀಕ್ಷೆ ಹತ್ತಿರ ಬಂತು. ಹೆಂಡತಿ ದಿನಾ ಅಷ್ಟು ಹೊತ್ತು ನಿಂತಿರುವುದನ್ನು ನೋಡಿ ಯಜಮಾನರ ಎದೆ ಕರಗಿತು. ಕರಗಿದ್ದು ಅಡುಗೆಮನೆಯ ಕಡೆಗೆ ಹರಿದಿದ್ದರೆ ನಾರು ಹಿಡಿಯಬಹುದಿತ್ತು; ಅದು ಅಂಗಡಿಯ ಕಡೆಗೆ ಹರಿಯಿತು.

“ಪಾತ್ರೆ ತೊಳೆಯೋ ಯಂತ್ರಕ್ಕೆ ಹೇಳಿ ಬಂದಿದ್ದೀನಿ ಕಣೇ! ನಾಳೆ ತಂದು ಕೂರಿಸ್ತಾರೆ. ಇನ್ಮೇಲೆ ನೀನು ಪೂರ್ತಿ ಫ್ರೀ” ಎಂದರು ಊಟಕ್ಕೆ ಕೂತಾಗ.

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದು ಹೇಳಿದರೆ ಆ ಗಂಟೆಯೂ ಎಲ್ಲರ ಪಾಲಾಗುತ್ತದೆ. ಬಿಸಿ ತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ.

“ಯಂತ್ರ ತೊಳೆದ ತಟ್ಟೇಲಿ ನಾನು ಊಟ ಮಾಡಲ್ಲ” ಎಂದರು ಅತ್ತೆ, ತಲೆ ಎತ್ತದೆ.

“ಅಮ್ಮಾ, ಕಾಲ ಬದಲಾಗಿದೆ.”

“ಕಾಲ ಬದಲಾಗಿರಬಹುದು, ನನ್ನ ಹೊಟ್ಟೆ ಬದಲಾಗಿಲ್ಲ. ಬೇಡ ಅಂದ್ರೆ ಬೇಡ.”

ಯಜಮಾನರು ಅಂಗಡಿಗೆ ಫೋನು ಮಾಡಿ ಬೇಡವೆಂದರು. “ನಿನ್ನ ಹಣೆಬರಹ ಇಷ್ಟೇ” ಎಂದು ಹೆಂಡತಿಗೆ ಸಮಾಧಾನವನ್ನೂ ಹೇಳಿದರು.

ಊಟ ಮುಗಿದ ಮೇಲೆ ಅತ್ತೆ ಮೆಲ್ಲಗೆ ಅಡುಗೆಮನೆಗೆ ಬಂದರು. ಇವಳು ಗಾಬರಿಯಾಗಿ ಗೋಡೆಯ ಹಾಳೆಗೆ ಅಡ್ಡ ನಿಂತಳು.

“ಅದನ್ಯಾಕೆ ಮುಚ್ತೀಯ, ಓದ್ಕೋ. ನಲ್ಲಿ ಇನ್ನೊಂಚೂರು ಜೋರಾಗಿ ಬಿಡು. ನೀರಿನ ಸದ್ದು ಹೊರಗೆ ಕೇಳದಿದ್ರೆ ಬಂದುಬಿಡ್ತಾರೆ.”

ಇವಳು ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು.

“ಆ ಪಾತ್ರೆ ತಳ ಯಾಕೆ ಅಷ್ಟು ಸವೆದಿದೆ ಅಂದ್ಕೊಂಡೆ? ನೀನು ಬರೋ ಮುಂಚೆಯೇ ಸವೆದಿತ್ತು.”

“ನೀವೂ ಓದ್ತಿದ್ರಾ ಅತ್ತೆ?”

“ಓದೋಕೆ ನನಗೇನಿತ್ತೇ? ಸುಮ್ನೆ ನಿಂತಿರ್ತಿದ್ದೆ. ಆ ಹೊತ್ತಲ್ಲಿ ಯಾರೂ ಕರೀತಿರಲಿಲ್ಲ, ಅಷ್ಟೇ.”

ಅತ್ತೆಯ ಮೇಲೆ ಇಷ್ಟು ವರ್ಷ ಇಟ್ಟುಕೊಂಡಿದ್ದ ಸಿಟ್ಟಿನಲ್ಲಿ ಅರ್ಧ ಅಲ್ಲೇ ನೀರಾಯಿತು. ಉಳಿದರ್ಧಕ್ಕೆ ಬೇರೆ ಕಾರಣಗಳಿದ್ದವು, ಅದು ಹಾಗೇ ಉಳಿಯಿತು.

ಪರೀಕ್ಷೆ ಪಾಸಾಯಿತು, ಕುರ್ಚಿಯೂ ಸಿಕ್ಕಿತು. ಆಡಳಿತದವರು ಉಪನ್ಯಾಸಕರನ್ನು ಮತ್ತೆ ಕರೆಸಿ, ಅವರ ಒಂದು ಗಂಟೆಯ ಸೂತ್ರದ ಫಲ ಎಂದು ಇವಳನ್ನು ತೋರಿಸಿ, ಹಾರವನ್ನು ಅವರಿಗೆ ಹಾಕಿದರು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು. ಕಾರ್ಯಕ್ರಮ ಈ ಸಲವೂ ಊಟದ ಬಿಡುವಿನಲ್ಲೇ ನಡೆಯಿತು.

ಆ ಸಂಜೆ ಓದುವುದೇನೂ ಇಲ್ಲದಿದ್ದರೂ ಅವಳ ಕಾಲು ಅಭ್ಯಾಸಬಲದಿಂದ ಅಡುಗೆಮನೆಗೇ ನಡೆಯಿತು. ಅಲ್ಲಿ ಅತ್ತೆ ನಿಂತಿದ್ದರು. ಎದುರಿಗೆ ಫಳಫಳ ಹೊಳೆಯುವ ಆ ಹಳೆಯ ಪಾತ್ರೆ, ಹರಿಯುವ ನಲ್ಲಿ, ಕಣ್ಣು ಕಿಟಕಿಯಾಚೆ. ಕೈ ಆಡುತ್ತಿರಲಿಲ್ಲ.

“ನಮ್ಮಮ್ಮ ಎಲ್ಲೇ? ನನ್ನ ಕನ್ನಡಕ ಕಂಡ್ಲಾ ಕೇಳು” ಎಂದು ಯಜಮಾನರು ಹಜಾರದಿಂದ ಕೂಗಿದರು.

ಅವಳು ಬಾಗಿಲಿಗೆ ಅಡ್ಡ ನಿಂತು ಹೇಳಿದಳು: “ಪಾತ್ರೆ ತೊಳೀತಿದ್ದಾರೆ.”

“ಏನು? ಈ ವಯಸ್ಸಲ್ಲಿ ಅಮ್ಮನ ಕೈಲಿ ಪಾತ್ರೆ ತೊಳೆಸ್ತೀಯಾ? ಮನುಷ್ಯತ್ವ ಬೇಡ್ವಾ?”

“ಹೌದಲ್ಲ, ತಪ್ಪಾಯ್ತು. ಬನ್ನಿ, ನೀವೇ ತೊಳೀರಿ.”

ಸ್ವಲ್ಪ ಹೊತ್ತಿಗೆ ಬೀದಿ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಅವಳು ಅಡುಗೆಮನೆಯ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು, ಅಲ್ಲೇ ಸ್ಟೂಲು ಹಾಕಿ ಕಾವಲಿಗೆ ಕೂತಳು. ಒಳಗೆ ನೀರಿನ ಸದ್ದು ಇನ್ನೊಂಚೂರು ಜೋರಾಯಿತು.