ಗಾಜು ಕಾಯಬೇಕು

ಒಂದು ವಾರದಿಂದ ನಾನು ಒಂದು ಕ್ರಿಯಾಪದಕ್ಕೆ ಹೆದರಿಕೊಂಡು ಓಡಾಡುತ್ತಿದ್ದೇನೆ. ಬಚ್ಚಲಿನಿಂದ ಯಾರಾದರೂ "ನೀರು ಕಾದಾವ" ಎಂದು ಕೂಗಿದರೆ ಎದೆ ಧಸಕ್ಕೆನ್ನುತ್ತದೆ. ಎಪ್ಪತ್ತಾರು ವರ್ಷದ ಹೆಂಗಸು, ಕಾನ್ವೆಂಟಿನಲ್ಲಿ ಗ್ರಾಮರಿಗೆ ಪ್ರೈಜ್ ತೆಗೆದುಕೊಂಡವಳು, ಹೀಗೆ ಒಂದು ವರ್ಬಿಗೆ ಅಂಜುವುದು ಶೋಭೆಯಲ್ಲ. ಆದರೆ ನನಗಾದ ಶಾಕ್ ನಿಮಗೂ ಆಗಿದ್ದರೆ ನೀವೂ ಅಂಜುತ್ತಿದ್ದಿರಿ.

ನನ್ನ ಮಗಳ ಮಗಳು ಸಿಂಧು ಶಿವಬಸವ ನಗರದ ನಮ್ಮ ಮನೆಯಲ್ಲೇ ಇದ್ದುಕೊಂಡು ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡುತ್ತಾಳೆ. ಅವಳ ವಿಷಯ ಬಿಸಿಲು. ಬಿಸಿಲನ್ನು ಹಿಡಿದಿಡುವುದು. "ಸೋಲಾರ್ ಅಂದರೆ ನಮ್ಮ ತಾರಸಿ ಮೇಲೂ ಐತಲ್ಲ" ಎಂದೆ. "ಅದು ಕರೆಂಟು ಅಜ್ಜಿ, ಇದು ಬ್ಯಾರೇ" ಎಂದಳು. ಅಂಗೈಯಗಲದ ಒಂದು ಗಾಜು. ಅದರ ಮೇಲೆ ಕಣ್ಣಿಗೆ ಕಂಡೂ ಕಾಣದಂಥ ತೆಳ್ಳನೆಯ ಲೇಪ, ತುಸು ಅರಿಶಿನದ ಬಣ್ಣ. ಬಿಸಿಲು ಬಿದ್ದರೆ ಆ ಲೇಪದ ಮಾಲಿಕ್ಯೂಲುಗಳು ಮೈ ತಿರುಚಿಕೊಂಡು ಬಿಗಿಯಾಗಿ ಕೂತುಬಿಡುತ್ತವಂತೆ, ಹಳದಿ ಹೋಗಿ ಗಾಜು ನೀರಿನಂತೆ ತಿಳಿಯಾಗುತ್ತದಂತೆ. ಆ ಬಿಗಿಯೊಳಗೇ ಬಿಸಿಲು ಅಡಗಿರುತ್ತದೆ. ಆಮೇಲೆ ಬೇಕಾದಾಗ ಒಂದಿಷ್ಟು ಕಾವು ಕೊಟ್ಟು ಎಬ್ಬಿಸಿದರೆ ಸಾಕು, ಮೈ ಸಡಿಲಿಸಿ, ಹಿಡಿದದ್ದನ್ನೆಲ್ಲ ಶಾಖವಾಗಿ ಬಿಟ್ಟುಕೊಟ್ಟು ಮತ್ತೆ ಹಳದಿಯಾಗುತ್ತವೆ.

ಶಿವರಾತ್ರಿಯ ಮರುದಿನ ಅವಳು ಅಂಥ ಗಾಜೊಂದನ್ನು ತಾರಸಿಯಲ್ಲಿ ಬಿಸಿಲಿಗಿಟ್ಟು, ತಿಳಿಯಾದ ಮೇಲೆ ನೆರಳಿನಲ್ಲಿ ಆರಿಸಿ ತಂದು ನನ್ನ ಕೈಗೆ ಕೊಟ್ಟಳು. ಮುಟ್ಟಿದೆ. ತಣ್ಣಗಿತ್ತು. ಬಿಸಿಲು ಒಳಗಿದೆ, ಗಾಜು ತಣ್ಣಗಿದೆ! ಅದು ಮೊದಲನೆಯ ಶಾಕ್. "ಲ್ಯಾಬಿನಾಗ ಎಲ್ಲಾ ನಿಲ್ಲತೈತಿ, ಸಾದಾ ಮನ್ಯಾಗ ನಿಲ್ಲತೈತೇನು ನೋಡಬೇಕು" ಎಂದು ಅದನ್ನು ನನ್ನ ಹಳೆಯ ಕರೀ ಪೆಟಿಕೋಟಿನ ತುಂಡಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು. ಮಳೆಗಾಲ ಬಂದ ಮೇಲೆ ತೆಗೆದು ಲ್ಯಾಬಿಗೆ ಒಯ್ದು, ಶಿವರಾತ್ರಿಯ ಬಿಸಿಲು ಎಷ್ಟು ಉಳಿದಿದೆ ಎಂದು ಅಳೆಯುವುದು ಅವಳ ಲೆಕ್ಕಾಚಾರ.

ಮಳೆಗಾಲ ಬಂತು. ಅದರ ಹಿಂದೆಯೇ ಖಾನಾಪುರದಿಂದ ನನ್ನ ನಾದಿನಿ ಗಂಗವ್ವ ಬಂದಳು. ಗಂಗವ್ವ ಯಾರ ಮನೆಗೆ ಹೋದರೂ ಮೊದಲು ಕಪಾಟು ಒರೆಸುತ್ತಾಳೆ. ಪ್ರೀತಿ ತೋರಿಸುವ ಅವಳ ರೀತಿ ಅದು. ಅಳೆಯಬೇಕಾದ ದಿನ ಬೆಳಿಗ್ಗೆಯೇ ಕಪಾಟಿನ ಸಾಮಾನೆಲ್ಲ ಟೇಬಲ್ಲಿಗೆ ಬಂತು, ಪೆಟಿಕೋಟಿನ ಗಂಟೂ ಬಂತು. ಕಾಲೇಜಿಗೆ ಹೊರಟಿದ್ದ ಸಿಂಧು ಅದನ್ನು ನೋಡಿ ಗಾಬರಿಯಾಗಿ, ಗೇಟಿನಿಂದಲೇ, ಹೆಲ್ಮೆಟ್ಟಿನ ಒಳಗಿನಿಂದಲೇ ಕೂಗಿದಳು:

"ಅಜ್ಜಿ, ಲ್ಯಾಬಿನಾಗ ಮೆಷಿನ್ ಮಧ್ಯಾಹ್ನ ಸಿಗತೈತಿ, ಆಗ ಬಂದು ಒಯ್ತೀನಿ. ನಾ ಬರೂಮಟಾ ಗಾಜು ಕಾಯಬೇಕು!"

ಸ್ಕೂಟಿ ಹೋಯಿತು.

ಈಗ ನೀವೇ ಹೇಳಿ. ಕನ್ನಡದಲ್ಲಿ ಹೊಲ ಕಾಯುತ್ತಾರೆ, ಬಸ್ಸಿಗೆ ಕಾಯುತ್ತಾರೆ, ದೇವರು ಕಾಯುತ್ತಾನೆ, ಸ್ನಾನದ ನೀರೂ ಕಾಯುತ್ತದೆ. ಇಂಗ್ಲಿಷಿನಲ್ಲಿ ಗಾರ್ಡ್, ವೇಟ್, ಹೀಟ್ ಎಂದು ಮೂರು ಬೇರೆ ಬೇರೆ ಡಬ್ಬಿಗಳು. ನಮ್ಮದು ಒಂದೇ ಡಬ್ಬಿ, ಮುಚ್ಚಳ ತೆಗೆದವರ ಹಣೆಬರಹ. ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ಸಿಸ್ಟರ್ ನಮ್ಮನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅರವತ್ತು ವರ್ಷದ ನಂತರವೂ ನಾನು ಕನ್ನಡದ ಮಾತನ್ನು ಮೊದಲು ಇಂಗ್ಲಿಷಿಗೆ ಮಾಡಿಕೊಂಡೇ ತಿಳಿಯುವವಳು. ಅವತ್ತು ಹೀಟ್ ಎಂದು ಮಾಡಿಕೊಂಡೆ. ನಾಲ್ಕು ತಿಂಗಳಿಂದ ಶಾಖ, ಶಾಖ ಎಂದೇ ಕೇಳುತ್ತಿದ್ದೆನಲ್ಲ.

"ಕಾಯಬೇಕಂದ್ಲಲ್ಲ, ಇಡ್ರಿ ವೈನಿ, ಹಂಚು ಒಲೀಮ್ಯಾಲನ ಐತಿ" ಎಂದಳು ರೊಟ್ಟಿ ಬಡಿಯುತ್ತಿದ್ದ ಗಂಗವ್ವ.

ನಾನೇನು ಅಷ್ಟು ದಡ್ಡಳಲ್ಲ. ಗಾಜನ್ನು ನೇರ ಹಂಚಿನ ಮೇಲಿಟ್ಟರೆ ಸೀಳುತ್ತದೆ ಎಂದು ನಡುವೆ ಒಂದು ಸ್ಟೀಲಿನ ತಾಟು ಇಟ್ಟು, ಉರಿ ಸಣ್ಣ ಮಾಡಿದೆ. ಕಾನ್ವೆಂಟಿನ ಸೈನ್ಸ್ ನನಗೆ ನೆನಪಾಗುವುದು ಯಾವಾಗಲೂ ಬೇಡದ ಕಡೆ.

ಮೊದಲು ಒಂದು ಮೂಲೆ. ಆಮೇಲೆ ನೋಡನೋಡುತ್ತಿದ್ದಂತೆ ಇಡೀ ಗಾಜು ಹಳದಿ. ಕಾಮಾಲೆ ಬಂದವರ ಕಣ್ಣಿನಂತೆ ಹಳದಿ! ಇಕ್ಕಳದಿಂದ ಎತ್ತಿ ಕಟ್ಟೆಯ ಮೇಲಿಟ್ಟವಳು ಹಾಗೇ ಗೋಡೆಗೊರಗಿದೆ.

"ಕಾಯ್ ಝಾಲಂ ಗ?" ಎಂದಳು ಗಂಗವ್ವ. ಖಾನಾಪುರದವರಿಗೆ ಗಾಬರಿಯಾದಾಗ ಮರಾಠಿ ಬರುತ್ತದೆ. 'ಏನಾಯಿತು' ಎಂದು ಕೇಳುವುದಕ್ಕೂ ಅವರಿಗೆ 'ಕಾಯ್' ಬೇಕು! ಆ ಕ್ಷಣ, ಗಾರ್ಡ್, ಹೀಟ್ ಎಲ್ಲ ಒಟ್ಟಿಗೆ ತಲೆಯೊಳಗೆ ಬಿದ್ದು, ಸಿಂಧು ಹೇಳಿದ್ದೇನು, ನಾನು ಮಾಡಿದ್ದೇನು ಎನ್ನುವುದು ಹೊಳೆಯಿತು. ನಾಲ್ಕು ತಿಂಗಳು ಅಲುಗದೆ ಕೂತಿದ್ದ ಬಿಸಿಲನ್ನು ನಾನು ರೊಟ್ಟಿಯ ಹಂಚಿನ ಮೇಲೆ ಎಬ್ಬಿಸಿ ಕಳಿಸಿಬಿಟ್ಟಿದ್ದೆ.

ಹೇಳಿದೆ. ಗಂಗವ್ವ ಸೆರಗಿನಿಂದ ನನ್ನ ಕಣ್ಣೊರೆಸಿ, "ಅಳತಾರೇನ್ರಿ ಇದಕ್ಕ? ಮತ್ತ ಬಿಸಿಲಿಗಿಡ್ರಿ, ಬೆಳ್ಳಗಾಗತೈತಿ. ಅರಿವ್ಯಾಗ ಸುತ್ತಿ ಇಡ್ರಿ. ಯಾರಿಗೆ ಗೊತ್ತಾಗತೈತಿ?" ಎಂದಳು.

ಎರಡು ದಿನದಿಂದ ಮುಖ ತೋರಿಸದ ಸೂರ್ಯ ಆಗಲೇ ಹೊರಬರಬೇಕೆ? ಗಾಜು ಹಿಡಿದುಕೊಂಡು ಅಂಗಳಕ್ಕೆ ಹೋದೆ. ಸುಳ್ಳು ಹೇಳುವುದಿಲ್ಲ, ಇಡಬೇಕೆಂದೇ ಹೋದೆ. ಕೈಯಲ್ಲಿ ಹಿಡಿದಿದ್ದಂತೆಯೇ ಹಳದಿ ತೆಳುವಾಗತೊಡಗಿತು. ಒಂದು ತಪ್ಪು ಇಷ್ಟು ಸಲೀಸಾಗಿ ಅಳಿಸಿಹೋಗುವುದನ್ನು ಜನ್ಮದಲ್ಲಿ ನೋಡಿರಲಿಲ್ಲ. ಕಾನ್ವೆಂಟಿನಲ್ಲಿ ಕ್ಯಾಥೊಲಿಕ್ ಹುಡುಗಿಯರು ಕನ್ಫೆಶನ್‌ಗೆ ಹೋಗಿ ಹಗುರಾಗಿ ಬರುತ್ತಿದ್ದರು. ನಾವು ಲಿಂಗಾಯತ ಹುಡುಗಿಯರು ಹೊರಗೆ ನಿಂತಿದ್ದು, ನಮ್ಮ ನಮ್ಮ ಪಾಪ ನಾವೇ ಹೊತ್ತುಕೊಂಡು ಮನೆಗೆ ಹೋಗುತ್ತಿದ್ದೆವು. ಇವತ್ತು ಬಿಸಿಲೇ ಪಾದ್ರಿಯಾಗಿ ನಿಂತಿತ್ತು. ಆದರೆ ಮಧ್ಯಾಹ್ನ ಆ ಹುಡುಗಿ ಈ ಗಾಜನ್ನು ಅಳೆದು, ಇವತ್ತಿನ ಬಿಸಿಲನ್ನು ಶಿವರಾತ್ರಿಯ ಬಿಸಿಲೆಂದು ಬರೆದುಕೊಳ್ಳುತ್ತಾಳೆ. ಎಷ್ಟು ಚೆನ್ನಾಗಿ ಉಳಿದಿದೆ ಎಂದು ಕುಣಿದಾಡುತ್ತಾಳೆ. ಅವಳು ಕುಣಿಯುವುದನ್ನು ನಾನು ನೋಡುತ್ತ ನಿಲ್ಲಬೇಕು.

ಗಾಜನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಬಂದೆ.

ಸಿಂಧು ಬಂದಾಗ ಹೆಲ್ಮೆಟ್ ತೆಗೆಯುವ ಮೊದಲೇ ಹೇಳಿಬಿಟ್ಟೆ. ಅವಳು ಹೆಲ್ಮೆಟ್ಟಿನೊಂದಿಗೇ ಕುಂತಳು. ಕೊನೆಗೆ, "ಪೂರಾ ಹಳದಿ ಆತೇನು?" ಎಂದಳು.

"ಪೂರಾ."

"ಅಂದ್ರ ಇಲ್ಲೀತನಕಾ ಹಿಡದಿತ್ತು." ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ಹಿಡದಿತ್ತು ಅಜ್ಜಿ. ಎಷ್ಟು ಅಂತ ಮಾತ್ರ ಗೊತ್ತಾಗಲಿಲ್ಲ. ಮತ್ತ ಮೊದಲಿಂದ ಮಾಡಬೇಕು." ಕಣ್ಣೊರೆಸಿಕೊಂಡು ಕೇಳಿದಳು, "ಮುಟ್ಟಿದ್ದ್ಯಾ? ಬೆಚ್ಚಗಿತ್ತೇನು?"

ನಿಜವಾದ ಶಾಕ್ ನನಗೆ ಆದದ್ದು ಆಗ. ನಾನು ಇಕ್ಕಳದಿಂದ ಎತ್ತಿದ್ದೆ. ಶಿವರಾತ್ರಿಯ ಬಿಸಿಲು, ನಾಲ್ಕು ತಿಂಗಳು ಕತ್ತಲಲ್ಲಿ ಕಾದು, ಕೊನೆಗೆ ನನ್ನ ಅಡುಗೆಮನೆಗೆ ಬಂದಿತ್ತು. ನಾನು ಒಂದು ಬೆರಳೂ ಮುಟ್ಟಿಸಿರಲಿಲ್ಲ.

ನಿನ್ನೆ ಬಿಸಿಲು ಬಿದ್ದಿತ್ತು. ಸಿಂಧು ಹೊಸದೊಂದು ಗಾಜು ತಿಳಿ ಮಾಡಿ ಅದೇ ಪೆಟಿಕೋಟಿನಲ್ಲಿ ಸುತ್ತಿಟ್ಟಳು. ಈ ಸಲ ಹೆಲ್ಮೆಟ್ ಕೈಯಲ್ಲಿ ಹಿಡಿದು, ನನ್ನೆದುರು ನಿಂತು, ಮಾತು ಆರಿಸಿಕೊಂಡಳು. "ಅಜ್ಜಿ, ಇದನ್ನ ನೀ ಜಸ್ಟ್ ವಾಚ್ ಮಾಡು."

"ವಾಚ್ ಯಾಕವ್ವಾ ಅದಕ್ಕ? ಗಡಿಯಾರ ಕಟ್ಟೂದೇನು?" ಎಂದಳು ಗಂಗವ್ವ ಒಳಗಿನಿಂದ.

ಇಂಗ್ಲಿಷಿನ ಡಬ್ಬಿಯೂ ಅಷ್ಟೇ ಎಂದಾಯಿತು! ನಾನು ಕಪಾಟಿನ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ದೀಪಾವಳಿಗೆ ತೆಗೆಯುತ್ತಾಳಂತೆ. ತೆಗೆದು, ಲ್ಯಾಬಿನವರು ಅಳೆದಾದ ಮೇಲೆ, ಆರುವುದರೊಳಗೆ ಒಂದು ಗಳಿಗೆ ನನ್ನ ಕೈಗೆ ಕೊಡುವುದಾಗಿ ಮಾತು ಕೊಟ್ಟಿದ್ದಾಳೆ. ಅಲ್ಲಿಯವರೆಗೆ ಒಳಗೆ ಗಾಜು ಕಾಯುತ್ತದೆ, ಹೊರಗೆ ನಾನು ಕಾಯುತ್ತೇನೆ. ಈ ಸಲ ಇಬ್ಬರೂ ತಣ್ಣಗೆ.